ಒಂದು ಮೆತ್ತನ್ನ ಅರಿಬಿ

ದಿವಾನ ಮಂಚದ ಹಲಗೆ ಎತ್ತಿದ ಕೂಡಲೇ ಆ ವಾಸನೆ ಮೂಗಿಗೆ ಬಡಿಯಿತು. ವರ್ಷಗಟ್ಟಲೆ ಪ್ಲಾಸ್ಟಿಕ್ ಕವರಿನೊಳಗೆ ಉಸಿರುಗಟ್ಟಿ ಮಲಗಿದ ಸೀರೆಗಳ ವಾಸನೆ. ಸ್ವಲ್ಪ ಸೀಮೆಎಣ್ಣೆ, ಸ್ವಲ್ಪ ಗಂಜಿ, ಸ್ವಲ್ಪ ಡಾಂಬರ ಗುಳಿಗೆ... ಒಂದು ಸಲವೂ ಮನುಷ್ಯರ ಮೈ ಮುಟ್ಟದ ಬಟ್ಟೆಗೆ ಮಾತ್ರ ಇರುವಂಥದ್ದು.

ಮಗಳು ಚೊಚ್ಚಲ ಹೆರಿಗೆಗೆ ಸೊಲ್ಲಾಪುರಕ್ಕೆ, ನಮ್ಮ ಮನೆಗೆ ಬಂದಿದ್ದಾಳೆ. ಕೂಸಿಗೆ ಸುತ್ತಲು ಹಳೆಯ ಹತ್ತಿ ಬಟ್ಟೆ ಬೇಕು, ಬಳಸಿ ಬಳಸಿ ಮೆತ್ತಗಾದದ್ದು, ಹೊಸದು ಬೇಡವೇ ಬೇಡ ಎಂದು ಆಸ್ಪತ್ರೆಯ ನರ್ಸ್‌ಬಾಯಿ ಹೇಳಿ ಕಳಿಸಿದ್ದರು. ಅದೇನು ಮಹಾ ಎಂದು ಬೆಳಿಗ್ಗೆ ದಿವಾನಕ್ಕೆ ಕೈ ಹಾಕಿದ ನನ್ನ ಹೆಂಡತಿ ಮಧ್ಯಾಹ್ನದ ಹೊತ್ತಿಗೆ ಸೀರೆಗಳ ಗುಡ್ಡೆಯ ನಡುವೆ ಸೋತು ಕೂತಿದ್ದಳು.

"ಇಷ್ಟ್ ಸೀರಿ ಅವ ನೋಡ್ರಿ. ಕೂಸಿನ ಮೈಗೆ ಹಚ್ಚುವಂಥಾ ಮೆತ್ತನ್ನ ಅರಿಬಿ ಒಂದೂ ಇಲ್ಲ."

ನಾನು ಚಿಂತೆಯ ಮನುಷ್ಯ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಮರಳುವವನು. ಕೂಸು ಹುಟ್ಟುವ ಮೊದಲೇ ಅದರ ಮೈಮೇಲೆ ನೈಲಾನಿನಿಂದ ಎದ್ದ ಗುಳ್ಳೆಗಳು ನನ್ನ ಕಣ್ಣ ಮುಂದೆ ಬಂದವು. ಅದರ ಹಿಂದೆಯೇ ಅತ್ತಿಯೂ ಬಂದಳು.

ಅತ್ತಿ ಎಂದರೆ ಸೋದರತ್ತೆ, ನನ್ನ ಅಪ್ಪನ ಅಕ್ಕ. ಮೈಂದರ್ಗಿಗೆ ಕೊಟ್ಟಿದ್ದರು. ಗಂಡನ ಮನೆಯಲ್ಲಿ ಹೊಲವಿತ್ತು, ಎತ್ತಿದ್ದವು, ಉಣ್ಣಲು ಉಡಲು ಕೊರತೆ ಇರಲಿಲ್ಲ. ಆದರೂ ಆಕೆಯ ಹತ್ತಿರ ಇದ್ದದ್ದು ಎಣಿಸಿದಷ್ಟೇ ಸೀರೆ. ಮನೆಗೆ ಎರಡು, ಊರಿಗೆ ಹೋಗಲು ಒಂದು, ಮದುವೆ ಮುಂಜಿಗೆ ಒಂದು. ಎಲ್ಲವೂ ಹತ್ತಿಯವು. ಕೂತು ಏಳುವ ಜಾಗದಲ್ಲಿ, ಅಂದರೆ ನಡುವೆ, ಸೀರೆ ಸವೆಯುತ್ತದಲ್ಲ, ಅತ್ತಿ ಆ ಸವೆದ ಭಾಗವನ್ನು ಕತ್ತರಿಸಿ ತೆಗೆದು, ಗಟ್ಟಿ ಇರುವ ಎರಡು ತುದಿಗಳನ್ನು ಸೇರಿಸಿ ಹೊಲಿಯುತ್ತಿದ್ದಳು. ಇದಕ್ಕೆ ದಂಡ ಹಾಕುವುದು ಎನ್ನುತ್ತಾರೆ. ಮೊದಲು ಎಲ್ಲರ ಮನೆಯಲ್ಲೂ ಹಾಕುತ್ತಿದ್ದರು. ಆಮೇಲೆ ಎಲ್ಲರೂ ಬಿಟ್ಟರು. ಅತ್ತಿ ಬಿಡಲಿಲ್ಲ. ಹೊಲಿಗೆ ನಿರಿಗೆಯೊಳಗೆ ಅಡಗುವಂತೆ ಉಡುತ್ತಿದ್ದಳೇ ಎಂದರೆ ಅದೂ ಇಲ್ಲ. ಕಂಡರೆ ಕಾಣಲಿ ಎನ್ನುವವಳು.

ಆಕೆಯನ್ನು ದೇವತೆ ಮಾಡಲು ಹೊರಟಿಲ್ಲ. ಅತ್ತಿಯ ಜೊತೆ ನಾಲ್ಕು ಜನರ ನಡುವೆ ಹೋಗುವುದೆಂದರೆ ನಾವೆಲ್ಲ ನೆವ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆವು. ಮಾತಾಡುತ್ತಲೇ ಎದುರಿನವಳ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡುತ್ತಿದ್ದಳು. ನೋಡಿ ಸುಮ್ಮನಿದ್ದರೆ ಬೇರೆ ಮಾತು. "ಬ್ಯಾಸಗ್ಯಾಗ ಇದನ್ನ ಹೆಂಗ ತಡಕೋತೀಯವಾ?" ಎಂದು ಕನಿಕರ ಬೇರೆ ತೋರಿಸುತ್ತಿದ್ದಳು. ಹೊಸ ಸೀರೆ ಉಟ್ಟು ಬೀಗುತ್ತಿದ್ದವಳ ಮುಖ ಅಲ್ಲಿಗೆ ಇಳಿಯುತ್ತಿತ್ತು.

ನನ್ನ ಮದುವೆಯಲ್ಲಿ ಆದದ್ದನ್ನು ಹೇಳಬೇಕು. ಆಹೇರದ ವೇಳೆ. ಮದುವೆಯಲ್ಲಿ ಬೀಗರಿಗೆ ಬಟ್ಟೆ ಕೊಟ್ಟು ಮರ್ಯಾದೆ ಮಾಡುವುದು ನಮ್ಮ ಕಡೆ ಊಟಕ್ಕಿಂತ ದೊಡ್ಡ ಕೆಲಸ. ಗಂಡಸರಿಗೆ ಟಾವೆಲ್ ಟೋಪಿ, ಹೆಂಗಸರಿಗೆ ಸೀರೆ. ಈ ಸೀರೆಗೆಂದೇ ಅಂಗಡಿಗಳಲ್ಲಿ ಬೇರೆ ಗಲ್ಲೆ, ಬೇರೆ ಕೌಂಟರ್ ಇರುತ್ತದೆ. ಒಳಗೆ ಕಾಲಿಟ್ಟರೆ ಉಡುವುದಕ್ಕೋ ಕೊಡುವುದಕ್ಕೋ ಎಂದು ಮೊದಲೇ ಕೇಳಿಬಿಡುತ್ತಾರೆ. ದೇಣ್ಯಾ-ಘೇಣ್ಯಾದ ಸೀರೆ ಎಂದು ಅದರ ಹೆಸರು. ಕೊಡಲು, ತಗೊಳ್ಳಲು ಇರುವ ಸೀರೆ. ತಗೊಂಡವರು ಕವರನ್ನೂ ಬಿಚ್ಚದೆ ಮುಂದಿನ ಮದುವೆಯಲ್ಲಿ ಮತ್ತೊಬ್ಬರಿಗೆ ಕೊಡುತ್ತಾರೆ. ಉಡಬೇಕೆಂದು ಯಾರೂ ನೇಯುವುದಿಲ್ಲ, ಯಾರೂ ಕೊಳ್ಳುವುದಿಲ್ಲ, ಯಾರೂ ಉಡುವುದಿಲ್ಲ.

ನನ್ನ ಅತ್ತೆಯವರು, ಎಂದರೆ ಹೆಂಡತಿಯ ತಾಯಿ, ಅಂಥದ್ದೊಂದು ಕಿತ್ತಳೆ ಬಣ್ಣದ ಸೀರೆಯನ್ನು ಅರಿಶಿನ ಕುಂಕುಮ ಹಚ್ಚಿ ಅತ್ತಿಯ ಕೈಗಿಟ್ಟರು. ಅತ್ತಿ ತಿಕ್ಕಿ ನೋಡಿ ಕೇಳಿದಳು, "ಇದು ಉಡಾಕ ಕೊಟ್ಟೀರೇನ್ರಿ, ಮುಂದ ದಾಟಸಾಕ ಕೊಟ್ಟೀರಿ?"

ಪಾಪ, ಅವರು ಏನು ಹೇಳಿಯಾರು. ಉಡಾಕ್ರಿ ಎಂದರು.

"ಹಂಗಾದ್ರ ಉಡತೀನಿ," ಎಂದವಳು ಮರುದಿನದ ಸತ್ಯನಾರಾಯಣ ಪೂಜೆಗೆ ಅದನ್ನೇ ಉಟ್ಟು ಬಂದಳು. ಮೇ ತಿಂಗಳ ಬಿಸಿಲು. ಬೆವರಿಗೆ ಬಣ್ಣ ಬಿಟ್ಟು ಆಕೆಯ ಕುತ್ತಿಗೆ, ತೋಳು ಎಲ್ಲ ಕಿತ್ತಳೆಯಾಗಿದ್ದವು. ಬಂದ ಬೀಗರೆಲ್ಲರ ಹತ್ತಿರ ಹೋಗಿ, ಇದು ನಿಮ್ಮದೇ ಸೀರೆ ಎಂದು ಕೈ ಮುಗಿದು ಬಂದಳು. ನನ್ನ ಅತ್ತೆಯವರು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಅದರ ಮಾತು ಹೆಂಡತಿಯ ಬಾಯಿಂದ ನಾನು ಇಂದಿಗೂ ಕೇಳುತ್ತಿದ್ದೇನೆ, ತಿಂಗಳಿಗೊಮ್ಮೆಯಾದರೂ.

ಅಲ್ಲಿಂದ ಮುಂದೆ ಅತ್ತಿಗೆ ಸೀರೆ ಕೊಡಲು ಜನ ಹೆದರತೊಡಗಿದರು. ಕೊಟ್ಟರೂ ತಗೊಳ್ಳುತ್ತಿರಲಿಲ್ಲ. ಹಾಗೆಂದು ಬರಿಗೈಲಿ ಬರುವವಳೂ ಅಲ್ಲ. ನನ್ನ ಮಗಳು ಹುಟ್ಟಿದಾಗ ಮೈಂದರ್ಗಿಯಿಂದ ಬಸ್ಸು ಬದಲಿಸುತ್ತ ಒಂದು ಗಂಟು ಹೊತ್ತು ಬಂದಳು. ಬಿಚ್ಚಿದರೆ ಒಳಗೆ ಆಕೆಯ ಹಳೆಯ ಸೀರೆಗಳಿಂದ ಕತ್ತರಿಸಿದ ತುಂಡುಗಳು. ಕುದಿಸಿ ಒಗೆದು, ಬಿಸಿಲಿಗೆ ಒಣಗಿಸಿ, ಅಂಚು ಮಡಿಚಿ ಹೊಲಿದದ್ದು. ದಂಡ ಹಾಕಿ ಹಾಕಿ ಇನ್ನು ಸೀರೆಯಾಗಿ ಉಳಿಯಲಾರದು ಎಂದ ಮೇಲಷ್ಟೇ ಆಕೆ ಕತ್ತರಿ ಇಡುತ್ತಿದ್ದದ್ದು. ಬಿಸಿಲಿನ ವಾಸನೆ ಬರುತ್ತಿತ್ತು. ಕೂಸನ್ನು ಅದರಲ್ಲಿ ಸುತ್ತಿದರೆ ಅಳು ನಿಲ್ಲಿಸುತ್ತಿತ್ತು ಎಂದು ಹೆಂಡತಿ ಹೇಳುತ್ತಾಳೆ. ನನಗೆ ನೆನಪಿಲ್ಲ... ನಾನು ಆಗ ಕಾಮಾಲೆಯ ಬಗ್ಗೆ ಚಿಂತಿಸುತ್ತಿದ್ದೆ.

ನಾನು ಕೆಲಸ ಮಾಡುವುದು ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಟಾವೆಲ್ ಕಾರ್ಖಾನೆಯ ಆಫೀಸಿನಲ್ಲಿ. ಸತ್ಕಾರಕ್ಕೆಂದೇ ನಾವು ಬೇರೆ ಮಾಲು ತೆಗೆಯುತ್ತೇವೆ. ಹೆಗಲ ಮೇಲೆ ಹಾಕಿ ಫೋಟೋ ಹೊಡೆಸಿಕೊಳ್ಳುವಷ್ಟು ಹೊತ್ತು ಚೆಂದ ಕಾಣಬೇಕು, ಅಷ್ಟೇ. ಹೆಮ್ಮೆಯಿಂದ ಒಂದನ್ನು ಒಯ್ದು ಅತ್ತಿಗೆ ತೋರಿಸಿದ್ದೆ. ತಂಬಿಗೆಯ ನೀರು ನಾಲ್ಕು ಹನಿ ಅದರ ಮೇಲೆ ಚಿಮುಕಿಸಿದಳು. ಹನಿಗಳು ಉರುಳಿ ನೆಲಕ್ಕೆ ಬಿದ್ದವು.

"ನೀರೇ ಕುಡಿಯಂಗಿಲ್ಲಲ್ಲೋ ತಮ್ಮಾ ಇದು. ಉಪಾಸ ಹಿಡದದೇನು?"

ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ಆ ಟಾವೆಲಿನ ಮೇಲೆಯೇ ನನ್ನ ಮನೆ ನಡೆದಿದೆ, ಮಗಳ ಮದುವೆ ನಡೆದಿದೆ. ಮದುವೆಯಲ್ಲಿ ಕೊಟ್ಟ ಟಾವೆಲುಗಳೂ ನಮ್ಮವೇ.

ಕೊನೆಗೆ ಅತ್ತಿ ಹಾಸಿಗೆ ಹಿಡಿದಳು. ಆರೇಳು ವರ್ಷದ ಹಿಂದಿನ ಮಾತು. ನೋಡಲು ಹೋದಾಗ ಸೊಸೆಯನ್ನು, ಅಂದರೆ ನನ್ನ ವೈನಿಯನ್ನು ಕರೆದು, ಟ್ರಂಕಿನಿಂದ ಒಂದು ಸೀರೆ ತೆಗೆಸಿದಳು. ಕಂದು ಬಣ್ಣದ್ದು, ಮಾಸಿ ಮಣ್ಣಿನ ಬಣ್ಣಕ್ಕೆ ಬಂದಿತ್ತು. ನಡುವೆ ದಂಡದ ಹೊಲಿಗೆ. ನಮ್ಮಿಬ್ಬರನ್ನೂ ಕೂಡಿಸಿಕೊಂಡು ಹೇಳಿದಳು:

"ನನಗ ಇದೊಂದ ಉಡಸ್ರಿ. ಮ್ಯಾಲ ಯಾರದೂ ಹಾಕಬ್ಯಾಡ್ರಿ. ಜಲ್ಮಪೂರ್ತಿ ಬ್ಯಾಡ ಬ್ಯಾಡ ಅಂದೀನಿ. ಆ ದಿನ ಅನ್ನಾಕ ನನಗ ಬಾಯಿ ಇರಂಗಿಲ್ಲ, ನೀವು ಅನ್ರಿ."

ಹೆಂಗಸು ತೀರಿಕೊಂಡರೆ ನಂಟರೆಲ್ಲ ಒಂದೊಂದು ಸೀರೆ ತಂದು ಹೊದಿಸುವುದು ನಮ್ಮ ಕಡೆಯ ಪದ್ಧತಿ. ಅತ್ತಿಗೆ ಅದು ಗೊತ್ತಿತ್ತು. ಸಾವಿಗಿಂತ ಅದಕ್ಕೇ ಹೆದರಿದ್ದಳು ಅನಿಸುತ್ತದೆ. ವೈನಿ ಆಕೆಯ ಕೈ ಹಿಡಿದು ಮಾತು ಕೊಟ್ಟಳು. ನಾನೂ ತಲೆ ಆಡಿಸಿದೆ.

ಮಣ್ಣಿನ ದಿನ ವೈನಿ ಆ ಕಂದು ಸೀರೆಯನ್ನೇ ಉಡಿಸಿದಳು. ಅಂಗಳದಲ್ಲಿ ಗೋಡೆಗೆ ಆನಿಸಿ ಕೂಡಿಸಿದ್ದರು. ಅತ್ತಿ ಅತ್ತಿಯ ಹಾಗೆಯೇ ಕಾಣುತ್ತಿದ್ದಳು. ಪ್ಲಾಸ್ಟಿಕ್ ಕವರು ಹಿಡಿದು ಬಂದ ಮೊದಲಿನ ಒಬ್ಬಿಬ್ಬರನ್ನು ವೈನಿ ಬಾಗಿಲಲ್ಲೇ ತಡೆದಳು. ಅವರು ಮುಖ ಸಿಂಡರಿಸಿಕೊಂಡರೂ ಮಾತು ಕೇಳಿದರು. ಆಗ ನಮ್ಮ ಕಾಕಾ ಬಂದ, ಅತ್ತಿಯ ಸ್ವಂತ ತಮ್ಮ. ಅಪ್ಪ ಹೋದ ಮೇಲೆ ತವರಿಗೆ ಅವನೇ ಹಿರಿಯ. ದಾರಿಯಲ್ಲಿ ಅಕ್ಕಲಕೋಟದಲ್ಲಿ ಇಳಿದು ಒಂದು ಗಿಳಿಹಸಿರು ಸೀರೆ ಕೊಂಡು ತಂದಿದ್ದ. ಯಾವ ಗಲ್ಲೆಯದು ಎಂದು ನೋಡಿದರೇ ತಿಳಿಯುತ್ತಿತ್ತು.

"ಕಾಕಾ, ಅವ್ರು ಯಾರದೂ ಹಾಕಬ್ಯಾಡ್ರಿ ಅಂತ ಹೇಳಿ ಹೋಗ್ಯಾರ್ರಿ," ಎಂದಳು ವೈನಿ.

"ಅದು ಮಂದಿ ಸೀರಿ ಮಾತು. ಇದು ತವರಿನ ಸೀರಿ. ತವರಿನವ್ರು ಬರಿಗೈಲೆ ಬಂದ್ರು ಅನಿಸಿಕೊಳ್ಳೂದೇನು ನಾವು?"

ನಾನು ಅವನ ತೋಳು ಹಿಡಿದು ಆಚೆ ಕರೆದೊಯ್ದೆ. ಅತ್ತಿ ನನ್ನೆದುರಿಗೇ ಹೇಳಿದ್ದಾಳೆ ಎಂದೆ. ಕಾಕಾ ಅಳುತ್ತಿದ್ದ. ಕಣ್ಣು ಒರೆಸಿಕೊಂಡೇ ಹೇಳಿದ, "ಅಕ್ಕಾ ಹೋದಳು. ನಾವು ಇನ್ನೂ ಈ ಮಂದ್ಯಾಗ ಇರಬೇಕಾಗ್ಯದ." ತೋಳು ಬಿಡಿಸಿಕೊಂಡು ಹೋಗಿ ಹೊದಿಸಿದ.

ಅಷ್ಟೇ. ತವರಿನದು ಬಿತ್ತೆಂದ ಮೇಲೆ ಉಳಿದವರದು ಯಾಕೆ ಬೇಡ? ಬಾಗಿಲಲ್ಲಿ ತಡೆಸಿಕೊಂಡಿದ್ದವರೇ ಮೊದಲು ನುಗ್ಗಿದರು. ಗುಲಾಬಿ, ನೀಲಿ, ಅರಿಶಿನ, ಜರಿ, ಮಿಣುಕು. ಒಬ್ಬಳು ತಂದದ್ದೂ ಅದೇ ಗಿಳಿಹಸಿರು. ಕಾಕಾನದರ ಪಕ್ಕ ತನ್ನದನ್ನಿಟ್ಟು, ಅಂಚಾದರೂ ಕಾಣಲಿ ಎಂದು ಎಳೆದು ಸರಿ ಮಾಡಿದಳು. ಅತ್ತಿಯ ಮುಖವೊಂದು ಉಳಿದಿತ್ತು, ಅಂಗಡಿಯ ಗಲ್ಲೆಯ ಹಿಂದೆ ಕೂತವರ ಹಾಗೆ. ವೈನಿ ನನ್ನ ಕಡೆ ನೋಡಿ ಮೆಲ್ಲಗೆ ಅಂದಳು, "ಒಳಗ ಅವ್ರು ಹೇಳಿದ ಸೀರೀನೇ ಅದಲ್ಲರಿ..." ನಾನು ಹೌದೆಂದೆ.

ಹೊಲದಲ್ಲಿ ಮಣ್ಣು ಕೊಡುವ ಮುಂಚೆ ಅವನ್ನೆಲ್ಲ ತೆಗೆದು ಬದುವಿನ ಮೇಲಿಟ್ಟರು. ಗುಂಡಿ ತೋಡಿದವರು ಒಯ್ಯುವುದು ವಾಡಿಕೆ. ಅವರಲ್ಲಿ ಹಿರಿಯವನೊಬ್ಬ ಒಂದನ್ನು ಮುಟ್ಟಿ ನೋಡಿ ಬಿಟ್ಟ. ಮನೆಯಲ್ಲಿ ಇಂಥವು ಬೇಕಾದಷ್ಟಿವೆ, ಒಲೆಯ ಕಿಡಿ ಹಾರಿದರೆ ಮೈಗೆ ಅಂಟಿಕೊಳ್ಳುತ್ತವೆ ಎಂದ. ಯಾರಿಗೂ ಬೇಡವಾಗಿ ಅವು ಅಲ್ಲೇ ಉಳಿದವು.

ಹೋದ ಚಳಿಗಾಲದಲ್ಲಿ ಆ ಕಡೆ ಹೋಗಿದ್ದೆ. ಅತ್ತಿಯ ಮಣ್ಣಿನ ಗುಪ್ಪೆ ಮಳೆಗೆ ಕರಗಿ ನೆಲಕ್ಕೆ ಸಮವಾಗಿತ್ತು, ಇಂಥಲ್ಲೇ ಎಂದು ಗುರುತು ಹಿಡಿಯಲು ಆಗಲಿಲ್ಲ. ಆದರೆ ಬೇಲಿಯ ಜಾಲಿಮುಳ್ಳಿಗೆ ಸಿಕ್ಕ ಗಿಳಿಹಸಿರು ಮಾತ್ರ ದೂರದಿಂದಲೇ ಕಂಡಿತು. ಅದರದೇ ಒಂದು ಹರಕನ್ನು ಜೋಳದಲ್ಲಿ ಹಕ್ಕಿ ಬೆದರಿಸಲು ಕೋಲಿಗೆ ಕಟ್ಟಿದ್ದರು. ಕಾಕಾನದೋ, ಆ ಹೆಂಗಸಿನದೋ. ಕುರಿ ಮೇಯಿಸುತ್ತಿದ್ದ ಮುದುಕ ಮೆಚ್ಚುಗೆಯಿಂದ ಹೇಳಿದ, "ಭಾರೀ ಮಾಲ್ ಅದ ನೋಡ್ರಿ. ಇಷ್ಟ್ ಮಳಿ ಬಿಸಲಿಗಿ ಏನೂ ಆಗಿಲ್ಲ." ಅಂತೂ ಆ ಸೀರೆಗೆ ಒಂದು ಕೆಲಸ ಸಿಕ್ಕಿತ್ತು.

ದಿವಾನದ ಮುಂದೆ ಕೂತು ಇದೆಲ್ಲ ನೆನಪಾಗಿ, ಆಸೆಯಿಂದ ವೈನಿಗೆ ಫೋನು ಹಚ್ಚಿದೆ. ಅತ್ತಿಯ ಹಳೆಯ ಸೀರೆ ಒಂದಾದರೂ ಇದ್ದರೆ ಮೈಂದರ್ಗಿಗೆ ನಾನೇ ಬರುತ್ತೇನೆ ಎಂದೆ.

"ಅಯ್ಯ, ಅವೆಲ್ಲಿ ಉಳದಾವ್ರಿ. ಕರ್ಮ ಮುಗದ ಮ್ಯಾಲ ಗ್ಯಾರೇಜಿನವ್ರು ಗಾಡಿ ಒರಸಾಕ ಒಯ್ದರು." ವೈನಿಯೇ ಮತ್ತೆ ಅಂದಳು, "ಹೊಸಾ ಸೀರಿ ಭಾಳ ಅವ ನೋಡ್ರಿ. ಬೇಕಾದ್ರ ಒಯ್ರಿ."

ಮಗಳಿಗೆ ನಮ್ಮಿಬ್ಬರ ಮುಖ ನೋಡಿ ನಗು. "ಕಶಾಲಾ ಟೆನ್ಶನ್, ಪಪ್ಪಾ? ಚಿಂತಿ ಯಾಕ? ಆನ್‌ಲೈನ್ ಸಿಗತಾವ," ಎಂದು ಮೊಬೈಲಿನಲ್ಲಿ ಒತ್ತಿದಳು. ಬಂತು. ಹಳೆಯ ಬಟ್ಟೆಯಷ್ಟೇ ಮೃದು ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿದ್ದರು. ಡಬ್ಬಿಯೊಳಗೆ ಕವರು, ಕವರಿನೊಳಗೆ ಕವರು. ಒಡೆದರೆ ದಿವಾನದ್ದೇ ವಾಸನೆ.

ಹೆಂಡತಿ ಒಗೆದು ಹಾಕಿದಳು. ವಾಸನೆ ಹೋಗಲಿಲ್ಲವೆಂದು ಮತ್ತೆ ಒಗೆದಳು. ಇವತ್ತು ಮುಂಜಾನೆ ಮತ್ತೊಮ್ಮೆ ಹಿಂಡಿ, ಟೆರೇಸಿನ ಹಗ್ಗಕ್ಕೆ ಹಾಕುತ್ತ ಕೇಳಿದಳು, "ಇನ್ನೂ ಎಷ್ಟ್ ಸಲ ಒಗದ್ರ ಹಳೇದ ಆಗತದ್ರಿ ಇದು?"

ಬರೀ ಒಗೆದರೆ ಆಗುವುದಿಲ್ಲ, ಯಾರಾದರೂ ಉಟ್ಟಿರಬೇಕು ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವವಳು ಈಗಿಲ್ಲ. ಹೇಳಿದ್ದರೂ ಈ ಮನೆಯಲ್ಲಿ ಕೇಳುವವರು ಯಾರಿದ್ದರು... ದಿವಾನದ ಹಲಗೆ ಮುಚ್ಚಿ ಅದರ ಮೇಲೆ ಕೂತಿದ್ದೇನೆ. ಕೂಸು ಈ ವಾರವೋ ಮುಂದಿನ ವಾರವೋ ಬರುತ್ತದೆ. ನೋಡಲು ಬರುವವರಿಗೆಂದು ಹೆಂಡತಿ ಆಗಲೇ ಸೀರೆಗಳನ್ನು ತೆಗೆದಿಟ್ಟಿದ್ದಾಳೆ.