ಪಟ್ಟಿ ಬಿಗಿಯುವಾಗ ಸುಮ್ಮನಿರಬೇಕು

ನಮ್ಮ ಅಧ್ಯಯನ ತಂಡದಲ್ಲಿ ಒಂದು ಕಟ್ಟಳೆಯಿತ್ತು. ರಕ್ತದೊತ್ತಡ ಅಳೆಯುವ ಯಂತ್ರವನ್ನು ಬೇರೆಯವರ ತೋಳಿಗೆ ಕಟ್ಟುವ ಮೊದಲು ನಾವೇ ಒಂದು ಹಗಲು, ಒಂದು ರಾತ್ರಿ ಕಟ್ಟಿಕೊಂಡಿರಬೇಕು. ಅದರ ತೋಳುಪಟ್ಟಿ ಅರ್ಧ ಗಂಟೆಗೊಮ್ಮೆ ಗಾಳಿ ತುಂಬಿಕೊಂಡು ತಾನೇ ಬಿಗಿಯುತ್ತದೆ; ಆಗ ಕೈ ಇಳಿಬಿಟ್ಟು, ಅಲುಗದೆ, ಮಾತಾಡದೆ ಇರಬೇಕು. ಮೈಸೂರಿನ ಹೆಬ್ಬಾಳದ ಕಾರ್ಖಾನೆಗಳಲ್ಲಿ ಶಿಫ್ಟಿನ ಮೇಲೆ ದುಡಿಯುವ ಹೆಂಗಸರು ಅದನ್ನು ಕಟ್ಟಿಕೊಳ್ಳುವವರಿದ್ದರು. ಕೆಲಸದಲ್ಲೋ ಬೀದಿಯಲ್ಲೋ ತಮ್ಮನ್ನು ಕೀಳಾಗಿ ಕಾಣುತ್ತಾರೆಂಬ ಅಳುಕಿನಲ್ಲಿ ಬದುಕುವವರ ರಕ್ತದೊತ್ತಡ ಮನೆಗೆ ಬಂದು ಮಲಗಿದ ಮೇಲಾದರೂ ಇಳಿಯುತ್ತದೆಯೇ ಎಂಬುದು ನಮ್ಮ ಪ್ರಶ್ನೆ.

ನನ್ನ ಸರದಿ ಒಂದು ಭಾನುವಾರ ಬಂತು. ಆಗ ನಾನು ಯಾದವಗಿರಿಯ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಅಶೋಕಪುರಂನ ನಮ್ಮ ಮನೆಯಲ್ಲಿದ್ದ ಒಂದೇ ಕೋಣೆ ಅಣ್ಣನ ಮದುವೆಯಾದ ಮೇಲೆ ಅವನದಾಗಿತ್ತು. ನನಗೆ ಓದಲು ಜಾಗ ಬೇಕಿತ್ತು. ಹುಡುಕುವಾಗ, ಅಶೋಕಪುರಂ ಎಂದ ಕೂಡಲೇ ಕೋಣೆ ಬೇರೆಯವರಿಗೆ ಹೋಗಿಬಿಡುತ್ತಿತ್ತು. ಅದು ದಲಿತರ ಬಡಾವಣೆಯೆಂದು ಊರಿಗೇ ಗೊತ್ತು; ಜಾತಿ ಕೇಳುವ ತೊಂದರೆಯನ್ನೂ ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಹಾಗಾಗಿ ಯಾದವಗಿರಿಯಲ್ಲಿ ‘ಮೈಸೂರಿನವಳೇ’ ಎಂದಷ್ಟೇ ಹೇಳಿದೆ.

ಮನೆಯೊಡತಿ ಒಳ್ಳೆಯವರು. ಹಬ್ಬಕ್ಕೆ ಒಬ್ಬಟ್ಟು ಕಳಿಸುತ್ತಿದ್ದರು. ‘ನಿಮ್ಮ ತಾಯೀನ ಒಂದ್ಸಲ ಕರ್ಕೊಂಡು ಬನ್ರೀ’ ಎನ್ನುತ್ತಿದ್ದರು. ಅವ್ವ ಬಂದರೆ ಮಾತು ಮನೆ ಎಲ್ಲಿ ಎಂಬಲ್ಲಿಗೆ ಹೋಗುತ್ತದೆಂದು ನಾನು ಕರೆಯಲಿಲ್ಲ. ರೂಮು ತೋರಿಸು ಎಂದು ಮೊದಮೊದಲು ಕೇಳುತ್ತಿದ್ದ ಅವ್ವ ಆಮೇಲೆ ಕೇಳುವುದನ್ನು ಬಿಟ್ಟಳು. ಅವಳ ಫೋನು ಬಂದಾಗ ಕಿಟಕಿ ಮುಚ್ಚುತ್ತಿದ್ದೆ, ನಾನು ‘ಅವ್ವ’ ಎನ್ನುವುದು ಕೆಳಗೆ ಕೇಳಿಸದಿರಲೆಂದು. ಒಂದೇ ಊರಿನಲ್ಲಿದ್ದುಕೊಂಡು, ಸಂಜೆ ಸೊಪ್ಪು ಬಿಡಿಸುತ್ತಾ ಬೀದಿಯವರನ್ನೆಲ್ಲ ಬೈಯುವ ಅವಳ ದನಿಗಾಗಿ ಹಂಬಲಿಸುತ್ತಿದ್ದೆ.

ಆ ಮಧ್ಯಾಹ್ನ ಯಂತ್ರ ಕಟ್ಟಿಕೊಂಡೇ ಮನೆಗೆ ಹೋದೆ.

‘ಇದೇನ್ ಮಗಾ, ಕೈಗೆ ಏನೋ ಕಟ್ಕೊಂಡ್ ಬಂದ್ಬುಟ್ಟೆ?’ ಎಂದು ಅವ್ವ ಬಾಗಿಲಲ್ಲೇ ಗಾಬರಿಯಾದಳು.

‘ಬಿ.ಪಿ. ನೋಡೋ ಮೆಷಿನ್ ಅವ್ವ.’

‘ನಿನ್ನ ಸಾಕ್ದೋಳು ನಾನು. ಬಿ.ಪಿ. ನಂಗಲ್ವಾ ಬರ್ಬೇಕು?’

ಅತ್ತಿಗೆ ಅಡುಗೆಮನೆಯಿಂದ ನಕ್ಕಳು. ಅಷ್ಟರಲ್ಲಿ ಪಟ್ಟಿ ಗೊರ್ ಎಂದಿತು. ಮಾತು ಬೇಡವೆಂದು ಸನ್ನೆ ಮಾಡಿದೆ. ಸುಮ್ಮನಿರಬೇಕಾದವಳು ನಾನೊಬ್ಬಳೇ; ಅವ್ವ ತನ್ನ ಬಾಯಿಗೆ ಸೆರಗು ಒತ್ತಿಕೊಂಡಳು. ಅತ್ತಿಗೆ ಮಿಕ್ಸಿ ನಿಲ್ಲಿಸಿದಳು. ಅಣ್ಣ ಟಿ.ವಿ.ಯ ಸದ್ದಡಗಿಸಿದ. ಬುದ್ಧನ ಪಟದ ಕೆಳಗೆ ಎಲ್ಲರೂ ಉಸಿರು ಹಿಡಿದು ನಿಂತರು.

‘ಪಾಸಾ, ಫೇಲಾ?’ ಎಂದಳು ಅವ್ವ, ಗಾಳಿ ಇಳಿದ ಮೇಲೆ.

‘ನಾನು ಮಾತಾಡ್ಬಾರ್ದು ಅಷ್ಟೇ. ನೀವಲ್ಲ.’

‘ಅದ್ನ ಮೊದ್ಲೇ ಯೋಳಕ್ಕಾಗಲ್ವಾ? ಮನೇವ್ರ ಬಾಯೆಲ್ಲಾ ಬಂದ್ ಮಾಡ್ಸ್‌ಬುಟ್ಟೆ!’

ಆದರೂ ಮುಂದಿನ ಸಲ ಪಟ್ಟಿ ಬಿಗಿದಾಗ ಅವಳ ಸೆರಗು ಮತ್ತೆ ಬಾಯಿಗೆ ಹೋಯಿತು. ಊಟವಾದ ಮೇಲೆ ಅವಳ ಪಕ್ಕದಲ್ಲಿ ಚಾಪೆಯ ಮೇಲೆ ಮಲಗಿದೆ. ಯಂತ್ರ ನಡುವೆ ಕೂಗಿತೆಂದು ಎದ್ದ ಮೇಲೆ ಅವಳೇ ಹೇಳಿದಳು. ನನಗೆ ಎಚ್ಚರವೇ ಆಗಿರಲಿಲ್ಲ.

ಹೊರಡುವಾಗ ಸಾರಿನ ಡಬ್ಬಿ ಕೈಗಿಟ್ಟು, ‘ಅಲ್ಲಿ ಬಿಸ್ಲು ಬತ್ತದಾ? ಬಟ್ಟೆ ಎಲ್ಲಿ ಒಣಗಾಕ್ತೀಯ?’ ಎಂದಳು. ಅಷ್ಟೇ. ನೋಡಬೇಕು ಎನ್ನಲಿಲ್ಲ. ಬಸ್ಸಿನುದ್ದಕ್ಕೂ ಆ ಪ್ರಶ್ನೆ ನನ್ನ ಜೊತೆಗಿತ್ತು.

ಯಾದವಗಿರಿಯ ಗೇಟಿನೊಳಗೆ ಮನೆಯೊಡತಿ ಕುಂಡಗಳಿಗೆ ನೀರು ಬಿಡುತ್ತಿದ್ದರು.

‘ಅಮ್ಮನ ಮನೆಗೆ ಹೋಗಿದ್ರಾ? ಎಲ್ಲಿ ಅಂದ್ರಿ ಅವರ ಮನೆ?’

‘ಆ ಕಡೆ, ಸ್ವಲ್ಪ ದೂರ’ ಎಂಬುದು ನನ್ನ ವಾಡಿಕೆಯ ಉತ್ತರ. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಪಟ್ಟಿ ಬಿಗಿಯಿತು. ತೋಳು ತೋರಿಸಿ, ಕೈ ಇಳಿಬಿಟ್ಟು ನಿಂತೆ. ಅವರು ಅರ್ಥ ಮಾಡಿಕೊಂಡು ಕಾದರು. ಪೈಪಿನ ನೀರು ಒಂದೇ ಕುಂಡಕ್ಕೆ ಬಿದ್ದು ಹೊರಚೆಲ್ಲುತ್ತಿತ್ತು. ಇನ್ನೊಂದು ಕೈಯಲ್ಲಿ ಡಬ್ಬಿ ಇನ್ನೂ ಬೆಚ್ಚಗಿತ್ತು. ಸುಮ್ಮನಿರುವುದು ನನಗೆ ಹೊಸದಲ್ಲ. ಆದರೆ ಅದು ಮುಗಿಯಲೆಂದು ಅಷ್ಟು ಕಾದದ್ದು ಅದೇ ಮೊದಲು.

ಗಾಳಿ ಇಳಿಯಿತು.

‘ಅಶೋಕಪುರಂ’ ಎಂದೆ.

‘ಓ’ ಎಂದರು. ಪೈಪನ್ನು ಮುಂದಿನ ಕುಂಡಕ್ಕೆ ತಿರುಗಿಸಿದರು. ‘ಹತ್ತಿರಾನೇ ಇದೆಯಲ್ಲ.’

ಆ ‘ಓ’ ಎಂಥದ್ದೋ ನನಗೆ ತಿಳಿಯಲಿಲ್ಲ. ಮೇಲೆ ಹೋಗಿ, ಕಿಟಕಿ ಮುಚ್ಚದೆ ಫೋನ್ ಮಾಡಿದೆ.

‘ಅವ್ವಾ, ಬರೋ ಭಾನುವಾರ ನನ್ ರೂಮಿಗೆ ಬಾ.’

‘ಯಾರಾರ ಏನಾರ ಅಂದ್ರೆ?’

‘ಬಾ ಅವ್ವ.’

‘ಆ ಮೆಷಿನ್ ಕಟ್ಕೊಂಡಿರ್ತೀಯಾ? ನಾನ್ ಮಾತಾಡ್ಬೋದಾ?’

‘ಮಾತಾಡು’ ಎಂದೆ. ‘ಜೋರಾಗೇ ಮಾತಾಡು.’