ಎಡ್ನಾ ತೆರೆಯಲೊಲ್ಲದ ಕಿಂಡಿ

ಸಫಕ್ ಸೀಮೆಯ ನಮ್ಮ ಹಳ್ಳಿಯಲ್ಲಿ ಎಡ್ನಾ ಕೆರಿಜ್ ಎಂದರೆ ಹಟಮಾರಿ ಎಂದೇ ಹೆಸರು. ಪಕ್ಕದ ಮನೆಯವಳಾದ ನಾನು ಅದನ್ನು ಅಲ್ಲಗಳೆಯಲಾರೆ. ಮದುವೆಯಾಗಿ ಬಂದಂದಿನಿಂದ ಆ ಹಳೆಯ ಮರದ ತೊಲೆಗಳ ಮನೆಯನ್ನು ಉಜ್ಜಿ ಉಜ್ಜಿ ಅವಳ ಕೈ ಸವೆದಿತ್ತು.

ಮನೆಯ ಮೆಟ್ಟಿಲು ಹೊಗೆಗೂಡನ್ನು ಸುತ್ತಿಕೊಂಡು ಏರುತ್ತದೆ. ಒಬ್ಬರು ಹತ್ತುವಾಗ ಇನ್ನೊಬ್ಬರು ಕಾಯಬೇಕು. ಶವಪೆಟ್ಟಿಗೆಯಂತೂ ಅಲ್ಲಿ ತಿರುಗುವುದೇ ಇಲ್ಲ. ಅದಕ್ಕೇ ಹಿಂದಿನವರು ಮಹಡಿಯ ಮಲಗುವ ಕೋಣೆಯ ನೆಲದಲ್ಲಿ ಉದ್ದನೆಯ ಕಿಂಡಿ ಬಿಟ್ಟು, ಹಲಗೆಯ ಮುಚ್ಚಳ ಹಾಕಿದ್ದರು. ತೆರೆದರೆ ನೇರ ಕೆಳಗೆ ಅಡುಗೆಮನೆ. ಎಡ್ನಾಳ ಅತ್ತೆ, ಮಾವ ಇಬ್ಬರೂ ಪೆಟ್ಟಿಗೆಯಲ್ಲಿ ಕೊನೆಯ ಸಲ ಇಳಿದದ್ದು ಅಲ್ಲಿಂದಲೇ; ಎರಡು ಸಲವೂ ಎಡ್ನಾ ನೋಡಲಾರದೆ ಹೊರಗೆ ನಿಂತಿದ್ದಳು. ಅವಳು ಅದರ ಮೇಲೆ ಜಮಖಾನ ಹಾಸಿ, ಕಾಲಿಡದೆ ಬಳಸಿಕೊಂಡು ಓಡಾಡುತ್ತಿದ್ದಳು.

ಅವಳ ಗಂಡ ಸ್ಟ್ಯಾನ್ ಭಾರೀ ಆಳು. ಮಂಡಿಗಳೆರಡೂ ಕೈಕೊಟ್ಟ ಮೇಲೆ ಮಹಡಿಯಲ್ಲೇ ಉಳಿದುಬಿಟ್ಟ. ಮೆಟ್ಟಿಲು ಅಗಲ ಮಾಡಿಸಲು ಎಡ್ನಾ ಊರಿನ ಕೌನ್ಸಿಲ್ ಕಚೇರಿಗೆ ಅಲೆದಳು. ಸಂರಕ್ಷಿತ ಮನೆ, ಒಂದು ಹಲಗೆಯನ್ನೂ ಅಲುಗಿಸುವಂತಿಲ್ಲ ಎಂದರು. ಮೆಟ್ಟಿಲಿಗಿದ್ದ ರಕ್ಷಣೆ ಸ್ಟ್ಯಾನ್‌ಗೆ ಇರಲಿಲ್ಲ, ಏನು ಹೇಳೋಣ.

ಒಂದು ಭಾನುವಾರ ನಾನು ಕೇಕು ಕೊಡಲು ಹೋದಾಗ ಅವನೇ ದಾರಿ ಹುಡುಕಿದ್ದ.

"ಎಡ್ನಾ, ಎಲ್ರೂ ಸೇರಿ ನನ್ನನ್ನ ಕುರ್ಚಿಗೆ ಕಟ್ಟಿ ಆ ಕಿಂಡಿಯಿಂದ ಇಳಿಸ್ಬಿಡಿ. ಒಂದ್ಸಲ ಕೆಳಗೆ ಒಲೆ ಪಕ್ಕ ಕೂತು ನಿನ್ ಜೊತೆ ಊಟ ಮಾಡ್ಬೇಕು."

ಹಗ್ಗ ಹಿಡಿಯಲು ನನ್ನ ಗಂಡ, ಮೈದುನರು ತಯಾರಿದ್ದರು.

"ಅದು ಜೀವ ಇರೋರು ಇಳಿಯೋ ದಾರಿ ಅಲ್ಲ," ಅಂದಳು ಎಡ್ನಾ.

"ಹೇಗೂ ಒಂದಿನ ಇಳಿಯೋದೇ ತಾನೆ, ಈಗ್ಲೇ ರೂಢಿ ಮಾಡ್ಕೋತೀನಿ ಬಿಡೇ."

"ಸಾಯೋ ಮಾತಾಡಿದ್ರೆ ಟೀನೂ ಸಿಗಲ್ಲ ನೋಡು."

ಅವನು ನಕ್ಕ. ಆಮೇಲೂ ಹಲವು ಸಲ ಕೇಳಿದ. ಕಿಂಡಿ ತೆರೆದರೆ ಸಾವನ್ನು ಕರೆದಂತೆ ಎಂದು ಅವಳು ಒಪ್ಪಲೇ ಇಲ್ಲ. ತಟ್ಟೆ ಹೊತ್ತು ಮೇಲೆ ಹತ್ತುತ್ತಿದ್ದಳು. ಅವನಿಗೆ ತಿನ್ನಿಸಿ, ಕೆಳಗೆ ಬಂದು ಒಬ್ಬಳೇ ತಿನ್ನುತ್ತಿದ್ದಳು.

ಮಾರ್ಚ್‌ನಲ್ಲಿ ಸ್ಟ್ಯಾನ್ ನಿದ್ದೆಯಲ್ಲೇ ತೀರಿಕೊಂಡ. ಶವಸಂಸ್ಕಾರದ ಆಳುಗಳು ಜಮಖಾನ ಸರಿಸಿ, ಮುಚ್ಚಳ ಎತ್ತಿ, ಹಗ್ಗ ಬಿಟ್ಟರು. ಪೆಟ್ಟಿಗೆ ಎಲ್ಲೂ ತಾಗದೆ ಅಡುಗೆಮನೆಗೆ ಇಳಿಯಿತು. ಒಲೆಯ ಮೇಲಿಟ್ಟ ನೀರು ಕುದಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

"ಸ್ವಲ್ಪ ಹೊತ್ತು ಒಲೆ ಪಕ್ಕ ಇಡಿ," ಅಂದಳು ಎಡ್ನಾ.

ಹೊರಗೆ ಗಾಡಿ ಕಾಯುತ್ತಿದ್ದರೂ ಅವರು ಇಟ್ಟರು. ಅವಳು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಅವಳು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು, ನನಗೂ ತಡೆಯಲಾಗಲಿಲ್ಲ.

"ಇಷ್ಟು ಸಲೀಸು ಅಂತ ಗೊತ್ತಿರ್ಲಿಲ್ಲ ಕಣೇ," ಅಂದಳು. "ಅಷ್ಟು ಸಲ ಕೇಳ್ದ. ನನ್ ಜೊತೆ ಕೂತು ಉಣ್ಣೋಕೆ ತಾನೆ ಕೇಳಿದ್ದು."