ಹೊಂದಿಕೊಂಡದ್ದೇ ಅಪರಾಧ

ಕಡಲಾಚೆಯ ಸರಟೋಗಾ ಊರಿನ ನಮ್ಮ ಅಡುಗೆಮನೆಯಲ್ಲಿ, ಬೆಂಗಳೂರಿನಿಂದ ಹೊತ್ತುತಂದ ಮಿಕ್ಸಿಯ ಮೇಲೆ ಬೇರೊಂದು ಕಂಪನಿಯ ಜಾರು ನಿರ್ವಿಘ್ನವಾಗಿ ಕೂತು ಚಟ್ನಿ ರುಬ್ಬುತ್ತದೆ. ಮಿಕ್ಸಿ ತಯಾರಿಸಿದವರು ನನ್ನ ಹೆಂಡತಿ ವತ್ಸಲೆಯ ಮೇಲೆ ಈವರೆಗೆ ದಾವೆ ಹೂಡಿಲ್ಲ. ಇಷ್ಟು ಸರಳ ನ್ಯಾಯ ಕಂಪ್ಯೂಟರಿಗೇಕೆ ಇಲ್ಲವೆಂಬುದೇ, ಓದುಗ ಮಹಾಶಯರೇ, ನನ್ನ ರಕ್ತದೊತ್ತಡದ ಮೂಲಕಾರಣ.

ಹತ್ತಿರದ ಊರು ಮೌಂಟನ್ ವ್ಯೂನ ನಮ್ಮ ಪುಟ್ಟ ಕಂಪನಿಯದೂ ಅಂಥದೇ ಕೆಲಸ. ಬ್ಯಾಂಕು, ಸರಕಾರಗಳ ಲೆಕ್ಕವನ್ನೆಲ್ಲ ಹೊರುವ ಮೇನ್‌ಫ್ರೇಮ್ ಎಂಬ ಗಜಗಾತ್ರದ ಕಂಪ್ಯೂಟರನ್ನು ತಯಾರಿಸುವ ದೊಡ್ಡ ಕಂಪನಿಯೊಂದಿತ್ತು. ಅದರ ತಂತ್ರಾಂಶವನ್ನೇ ಓಡಿಸಬಲ್ಲ ಅಗ್ಗದ ಯಂತ್ರ ನಮ್ಮದು. ತಂತ್ರಾಂಶಕ್ಕೆ ಅವರ ಲೈಸೆನ್ಸು ಬೇಕು. ಹಿಂದೆಲ್ಲ ಇತರರಿಗೆ ಕೊಡುತ್ತಿದ್ದವರು ನಮ್ಮ ಯಂತ್ರ ಓಡತೊಡಗಿದೊಡನೆ ನಿಲ್ಲಿಸಿದರು. ಸಾಲದೆಂದು, ತಮ್ಮ ಪೇಟೆಂಟುಗಳನ್ನು ನಾವು ಉಲ್ಲಂಘಿಸಿದ್ದೇವೆಂದು ಕೋರ್ಟಿಗೆಳೆದರು. ತಂತ್ರಾಂಶ ಬೇಕಾದವರು ಯಂತ್ರವನ್ನೂ ಇವರಿಂದಲೇ ಕೊಳ್ಳಬೇಕೆನ್ನುವುದು ಏಕಸ್ವಾಮ್ಯದ ದಬ್ಬಾಳಿಕೆಯೆಂದು ನಾವೂ ಪ್ರತಿದಾವೆ ಹೂಡಿದೆವು.

ಆ ಯಂತ್ರ ಕಟ್ಟಿದ ಎಂಜಿನಿಯರುಗಳಲ್ಲೊಬ್ಬನಾದ ನನ್ನನ್ನು ಅವರ ವಕೀಲ ದಿನವಿಡೀ ಪ್ರಶ್ನಿಸಿದ. "ಇದು ನಮ್ಮ ಯಂತ್ರದಂತೆಯೇ ವರ್ತಿಸುತ್ತದೆಯೇ?" ಎಂದು ಕೇಳಿದಾಗ ನನ್ನ ಪಿತೃಹೃದಯ ಉಬ್ಬಿ, "ನಿಮ್ಮದಕ್ಕಿಂತ ಚೆನ್ನಾಗಿ!" ಎಂದುಬಿಟ್ಟೆ. ಪಕ್ಕದಲ್ಲಿದ್ದ ನಮ್ಮ ವಕೀಲೆ ಕಣ್ಣು ಮುಚ್ಚಿಕೊಂಡರು.

ಕೊನೆಗೊಂದು ಮಧ್ಯಾಹ್ನ, ಕಂಪನಿ ಕಟ್ಟಿದ ಮೈಸೂರಿನ ಗೋಪಿನಾಥರು ಎಲ್ಲರನ್ನೂ ಮೀಟಿಂಗಿಗೆ ಕರೆದರು.

"ಕೇಸು ಮುಗೀತು ಕಣ್ರಪ್ಪಾ. ಅವರೇ ನಮ್ಮನ್ನ ಕೊಂಡ್ಕೊಂಡ್ರು."

ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈ ಮೇಲೇಳಲಿಲ್ಲ.

"ಹಾಗಾದ್ರೆ ನಮ್ಮ ಮೆಷಿನ್ನು, ಸಾರ್?"

"ಇನ್ನು ಮಾರಲ್ಲ."

"ಯಾರದು ತಪ್ಪು ಅಂತ ಜಡ್ಜು ಹೇಳ್ಬೇಕಿತ್ತಲ್ಲ?"

"ಇನ್ನೂ ಎಷ್ಟು ವರ್ಷ ಹೊಡೆದಾಡ್ಲಿ, ದಿವಾಕರ? ಸಾಕಾಗೋಯ್ತು."

ಅವರ ದಣಿದ ಮುಖ ನೋಡಿಯೂ ನನ್ನ ಸಿಟ್ಟು ಇಳಿಯಲಿಲ್ಲ. ಗೆದ್ದವರು ಸೋತವರನ್ನು ದಂಡಿಸಿದ್ದರೆ ಸಹಿಸಬಹುದಿತ್ತು. ಇಲ್ಲಿ ವಾದವನ್ನೇ ಖರೀದಿಸಿ ಕಪಾಟಿನಲ್ಲಿಟ್ಟು ಬೀಗ ಜಡಿದಿದ್ದರು.

ಮರುದಿನ, ನಮ್ಮ ಯಂತ್ರಕ್ಕಾಗಿ ಕಾದಿದ್ದ ಸಣ್ಣ ಬ್ಯಾಂಕೊಂದಕ್ಕೆ ಫೋನಿನಲ್ಲಿ ಸುದ್ದಿ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿನ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ ರೇವತಿ ಹಾಸನದವರು.

"ಅಂದ್ರೆ ಮತ್ತೆ ಅವರ ಮುಂದೇನೇ ಹೋಗಿ ಕೈಕಟ್ಟಿ ನಿಲ್ಬೇಕಾ? ಇದು ಅನ್ಯಾಯ ಅಲ್ವಾ, ದಿವಾಕರ್? ಯಾರನ್ನ ಬಯ್ಯಲಿ ನಾನು?"

"ನನ್ನನ್ನೇ ಬಯ್ರಿ ಮೇಡಂ. ನಿನ್ನೆಯಿಂದ ನಾನೂ ಅವರ ನೌಕರ."

ಬೈದರು. ಲೈಸೆನ್ಸು, ಪೇಟೆಂಟು, ದಬ್ಬಾಳಿಕೆ, ಯಾವುದನ್ನೂ ಬಿಡಲಿಲ್ಲ. ನಾವು ನ್ಯಾಯಾಧೀಶರ ಮುಂದೆ ಹೇಳಬೇಕೆಂದಿದ್ದ ಮಾತುಗಳೆಲ್ಲ ಒಂದೊಂದಾಗಿ ನನ್ನ ಕಿವಿಗೇ ಬಂದು ಬೀಳುತ್ತಿದ್ದವು. ಅವರು ಉಸಿರೆಳೆದುಕೊಳ್ಳಲು ನಿಂತಾಗ ಮೆಲ್ಲಗೆ ಹೇಳಿದೆ:

"ಇನ್ನೂ ಇದ್ರೆ ಹೇಳಿ ಮೇಡಂ, ಫೋನ್ ಇಡಲ್ಲ."